ಮಹಾಲಕ್ಷ್ಮೀ ಬೋಟಿನಲ್ಲಿ ಕಲಿತ ಕನ್ನಡ

ಹೊನ್ನಾವರದ ಬಂದರ ರಸ್ತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಝೆರಾಕ್ಸ್, ಟೈಪಿಂಗ್, ಲ್ಯಾಮಿನೇಶನ್, ಆನ್‌ಲೈನ್ ಅರ್ಜಿ ಎಂದು ಬೋರ್ಡಿನ ಮೇಲೆ ಬರೆಸಿದ್ದೇನೆ. ಬೋರ್ಡಿನಲ್ಲಿ ಇಲ್ಲದ ಕೆಲಸವೇ ಹೆಚ್ಚು. ಜನ ಬಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಅರ್ಚನಾ, ಇದೊಂಚೂರು ನೋಡು" ಅನ್ನುತ್ತಾರೆ. ನೋಡಿ ಸರಿಮಾಡಿದರೆ ಯಾರೂ ಹೇಳಿಕೊಳ್ಳುವುದಿಲ್ಲ, ಸರಿಯಾಗದಿದ್ದರೆ ಇಡೀ ಪೇಟೆಗೆ ಗೊತ್ತಾಗುತ್ತದೆ. ನನಗೆ ಕಂಪ್ಯೂಟರ್ ಗೊತ್ತು ಎಂಬುದು ಊರಿನವರ ನಂಬಿಕೆ. ನಿಜ ಹೇಳಬೇಕೆಂದರೆ ನಾನು ಕುಮಟೆಯಲ್ಲಿ ಟೈಪಿಂಗ್ ಕಲಿತವಳು, ಉಳಿದದ್ದೆಲ್ಲ ತಡಕಾಡಿ ತಿಳಿದುಕೊಂಡದ್ದು. ಆ ನಂಬಿಕೆಯನ್ನು ಮುರಿಯಲು ನಾನೂ ಹೋಗಿರಲಿಲ್ಲ, ವೆಂಕಟಣ್ಣ ಅಂಗಡಿಯ ಮೆಟ್ಟಿಲು ಹತ್ತುವವರೆಗೆ.

ವೆಂಕಟಣ್ಣ ಶರಾವತಿಯ ಆಚೆ ದಡದ ಕಾಸರಕೋಡಿನವರು. ಮೀಸೆ ಬರುವ ಮೊದಲೇ ಬೋಟು ಹತ್ತಿದವರು. ಈರ ಎಂಬ ತಾಂಡೇಲ ಚುಕ್ಕಾಣಿ ಹಿಡಿದು ನಡೆಸುವ 'ಮಹಾಲಕ್ಷ್ಮೀ' ಬೋಟಿನಲ್ಲಿ ಬಲೆಯ ಕೆಲಸ ಅವರದು. ಅದರ ಜೊತೆಗೆ ಮೀನುಗಾರರ ಸಂಘದ ಕಾರ್ಯದರ್ಶಿ. ಓದಿದ್ದು ಹೆಚ್ಚಿಲ್ಲ, ಆದರೆ ಅಕ್ಷರ ಚಂದ. ಇನ್ನೊಂದು ಗುಣವೂ ಇತ್ತು. ಸಭೆಯಲ್ಲಿ ಯಾರು ಏನು ಹೇಳಿದರೋ ಅದನ್ನೇ ಬರೆಯುತ್ತಿದ್ದರು, ಹೇಳಬೇಕಿತ್ತು ಎಂದು ತಮಗೆ ಅನ್ನಿಸಿದ್ದನ್ನಲ್ಲ. ಹಾಗಾಗಿ ಜಗಳವಾಡಿದ ಎರಡೂ ಕಡೆಯವರು ಅವರ ವರದಿಗೆ ತಲೆಯಾಡಿಸುತ್ತಿದ್ದರು. ನಮ್ಮ ಕಡೆ ಇದು ಸಣ್ಣ ಮಾತಲ್ಲ.

ಹೋದ ಹಂಗಾಮಿನ ಶುರುವಿನಲ್ಲಿ ಬಲೆ ಎಳೆಯುವ ವಿಂಚಿನ ತಂತಿಗೆ ಅವರ ಬಲಗೈ ಸಿಕ್ಕಿಬಿತ್ತು. ಕೈ ಉಳಿಯಿತು, ಬೆರಳಿನಲ್ಲಿ ಹಿಡಿತ ಉಳಿಯಲಿಲ್ಲ. ಎಡಗೈಯಲ್ಲಿ ಊಟ ಮಾಡುವುದನ್ನು ಕಲಿತರು, ಬರೆಯುವುದು ಮಾತ್ರ ಒಗ್ಗಲಿಲ್ಲ. ಬಲೆಯ ಕೆಲಸ ಹೋಯಿತು. ಉಳಿದದ್ದು ಸಂಘದ ಆ ಕುರ್ಚಿ ಒಂದೇ.

ಸಂಘದ ಅಧ್ಯಕ್ಷ ದೇವರಾಜಣ್ಣ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಮೀನು ಹರಾಜಿನ ಜಾಗದಲ್ಲಿ ಎಲ್ಲರ ಎದುರೇ ಅವರು ಪ್ರೀತಿಯಿಂದ, "ವೆಂಕಟಾ, ಈ ಸಲದ ವಾರ್ಷಿಕ ವರದಿ ಬೇರೆ ಯಾರಾದ್ರೂ ಬರೀಲಿ, ನೀ ಆರಾಮ ಮಾಡು" ಅಂದರಂತೆ. ವೆಂಕಟಣ್ಣನಿಗೆ ಆ ಪ್ರೀತಿಯೇ ಮುಳ್ಳಾಯಿತು. "ವರದಿ ನಾನೇ ಬರೀತೆ. ಬರೂಕೆ ಆಗ್ಲಿಲ್ಲ ಅಂದ್ರೆ ಕುರ್ಚಿ ಬಿಡ್ತೆ" ಎಂದು ಹೇಳಿ, ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದರು.

"ಅದಕ್ಕೆಂತ ವೆಂಕಟಣ್ಣ, ನೀವು ಹೇಳಿ, ನಾ ಟೈಪ್ ಮಾಡ್ತೆ" ಅಂದೆ.

"ಬೇಡ ತಂಗಿ. ಇನ್ನೊಬ್ಬರು ಬರ್ಕೊಂಡ್ರೆ ಅದು ಅವರ ವರದಿ ಆತದೆ. ನಾನು ಯೋಚನೆ ಮಾಡೂಕೆ ಸ್ವಲ್ಪ ತಡೆದ್ರೆ ಸಾಕು, ನೀವೆಲ್ಲ..."

"ನಾವೇ ಮಾತು ಮುಗಿಸಿಬಿಡ್ತೇವೆ ಅಂತ ಅಲ್ದಾ?" ಅಂದೆ.

ಅವರು ನನ್ನ ಮುಖ ನೋಡಿದರು. ನಾನು ಕೀಬೋರ್ಡನ್ನು ಒರೆಸತೊಡಗಿದೆ.

ಫೋನಿನಲ್ಲೇ ಮಾತನ್ನು ಬರಹ ಮಾಡುವ ಸೌಕರ್ಯ ಇದೆಯಲ್ಲ ಎಂದು ತೋರಿಸಿದೆ. ಅದೂ ನನ್ನ ಹಾಗೇ ಅವಸರದ್ದು. ಅವರು ಮುಂದಿನ ಮಾತಿಗೆ ಯೋಚಿಸುತ್ತ ನಿಂತರೆ ಅದು ಮುಚ್ಚಿಕೊಂಡುಬಿಡುತ್ತಿತ್ತು. ಹುಡುಕಿ ಹುಡುಕಿ ಕೊನೆಗೆ ಒಂದು ಸಾಫ್ಟ್‌ವೇರ್ ಸಿಕ್ಕಿತು. ಅದಕ್ಕೆ ಇಂಟರ್ನೆಟ್ ಬೇಡ, ಸಾಕು ಅನ್ನುವವರೆಗೆ ಬಾಯಿ ಮುಚ್ಚಿಕೊಂಡು ಕಾಯುತ್ತದೆ. ಆದರೆ ಮೊದಲು ನಮ್ಮ ದನಿಯ ಪರಿಚಯ ಅದಕ್ಕೆ ಮಾಡಿಕೊಡಬೇಕು. ಭಟ್ಕಳದ ಪೇಟೆಯಿಂದ ಒಂದು ಹಳೇ ಲ್ಯಾಪ್‌ಟಾಪ್ ತರಿಸಿದೆವು. ದುಬೈಯಲ್ಲಿದ್ದ ಯಾರದೋ ಮನೆಯದು, ಕೀಲಿಗಳ ಮೇಲೆ ಇಂಗ್ಲಿಷಿನ ಪಕ್ಕದಲ್ಲಿ ಅರಬ್ಬೀ ಅಕ್ಷರ. ವೆಂಕಟಣ್ಣ ಅದನ್ನು ಹೊಸ ಬೋಟು ನೋಡುವವರ ಹಾಗೆ ಸುತ್ತಲೂ ತಿರುಗಿಸಿ ನೋಡಿದರು.

ಪರಿಚಯದ ಕ್ರಮ ಹೀಗೆ. ತಲೆಗೆ ಮೈಕು ಸಿಕ್ಕಿಸಿಕೊಂಡು ಕೂತರೆ, ಮೊದಲು ಪರದೆಯ ಮೇಲೆ 'ಸ್ವಲ್ಪ ಹೊತ್ತು ಸುಮ್ಮನಿರಿ' ಎಂದು ಬರುತ್ತದೆ. ಆಮೇಲೆ ಒಂದೊಂದೇ ವಾಕ್ಯ ಕೊಡುತ್ತದೆ, ಗಟ್ಟಿಯಾಗಿ ಓದಬೇಕು. ಎಂಥ ವಾಕ್ಯಗಳು ಅಂತೀರಿ! 'ನಮ್ಮ ಮನೆಯ ಹಿಂದೆ ಸುಂದರ ಉದ್ಯಾನವಿದೆ.' 'ಭಾನುವಾರ ನಾವು ವಸ್ತುಸಂಗ್ರಹಾಲಯಕ್ಕೆ ಹೋದೆವು.' ಬರೆದವರು ಯಾರೋ, ಅವರು ಮೀನು ತಿಂದವರಲ್ಲ.

ಅಂಗಡಿಯಲ್ಲಿ ಓದಲು ಅವರು ಒಪ್ಪಲಿಲ್ಲ, ಝೆರಾಕ್ಸಿಗೆ ಬಂದವರು ನಗುತ್ತಾರೆ. ಮನೆಯಲ್ಲಿ ಓದಿ ಅಂದೆ.

"ಮನೆಲಾ? ಗಟ್ಟಿ ಮಾತಾಡಿದ್ರೆ ಹೆಂಡ್ತಿ ಸಂಗಡ ಜಗಳ ಅಂತ ಕೇರಿಯೆಲ್ಲ ಬಂದು ಬಾಗಿಲಲ್ಲಿ ನಿಲ್ತದೆ."

ಅದು ಸುಳ್ಳಲ್ಲ. ಅವರ ಕೇರಿಯಲ್ಲಿ ಈ ಮನೆಯ ಒಗ್ಗರಣೆಗೆ ಆಚೆ ಮನೆಯವರು ಸೀನುತ್ತಾರೆ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಹಾಗಾದರೆ ಎಲ್ಲಿ ಓದುತ್ತೀರಿ ಎಂದು ಕೇಳಲು ನನಗೆ ಹೊಳೆಯಲೇ ಇಲ್ಲ.

ಸ್ವಲ್ಪ ದಿನ ಬಿಟ್ಟು ಬಂದವರ ಮುಖ ಬೆಳಗುತ್ತಿತ್ತು. "ಬಾ ತಂಗಿ, ಬಂದರಕ್ಕೆ ಬಾ" ಎಂದು ಕರೆದುಕೊಂಡು ಹೋದರು. ಮಹಾಲಕ್ಷ್ಮೀ ಹೊರಡುವ ತಯಾರಿಯಲ್ಲಿತ್ತು, ಇಂಜಿನ್ ಬಡಿಯುತ್ತಿತ್ತು. ಬಲೆಯ ಕೆಲಸ ಹೋದ ಮೇಲೂ ಈರ ಅವರನ್ನು ಆಗೀಗ ಜೊತೆಗೆ ಕರೆದುಕೊಂಡು ಹೋಗುತ್ತಿದ್ದ. ವೆಂಕಟಣ್ಣ ಈರನ ಚುಕ್ಕಾಣಿಯ ಪಕ್ಕದಲ್ಲಿ ಕೂತು ಮೈಕು ಹಾಕಿಕೊಂಡು ಹೇಳಿದರು, "ಇವತ್ತು ಗಾಳಿ ತೆಂಕಣದಿಂದ ಬೀಸ್ತಾ ಇದೆ. ಐಸು ಹೇರಿ ಆತು." ಪರದೆಯ ಮೇಲೆ ಅಕ್ಷರಗಳು ಒಂದರ ಹಿಂದೆ ಒಂದು ಬಂದು ಕೂತವು. ಒಂದು ಕೊಂಬಾದರೂ ತಪ್ಪಬೇಡವೇ! ಬೋಟಿನವರೆಲ್ಲ ಹೋ ಎಂದರು. "ನಂಗಿಂತ ಅದಕ್ಕೇ ನಿನ್ನ ಮಾತು ಚಲೋ ತಿಳೀತದೆ" ಎಂದ ಈರ. ನನಗೂ ಹೆಮ್ಮೆಯಾಯಿತು. ಆ ವಾರ ನನ್ನ ಅಂಗಡಿಗೆ ಫೋನು ಹಿಡಿದು ಬಂದವರ ಸಂಖ್ಯೆಯೂ ಏರಿತು.

ಆಮೇಲೆ ಜೂನ್ ಬಂತು. ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ಹೊಳೆಯಲ್ಲಿ ಸಾಲಾಗಿ ಕಟ್ಟಿ ನಿಂತವು. ಈರ ದೀಪ ಹಚ್ಚಿ, ಕಾಯಿ ಒಡೆದು, ಇಂಜಿನ್ ಬಂದ್ ಮಾಡಿದ. ಸಂಘದ ಸಭೆ ಯಾವಾಗಲೂ ಈ ಬಿಡುವಿನಲ್ಲೇ. ವೆಂಕಟಣ್ಣ ಮನೆಯಲ್ಲಿ ವರದಿಗೆ ಕೂತರು. ಮರುದಿನವೇ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಕೊಂಡು, ತಾವು ನೆನೆಯುತ್ತ ಬಂದರು.

"ತಂಗಿ, ಇದಕ್ಕೆ ಎಂತ ಆತು ನೋಡು."

ಮಾತಾಡಿ ಅಂದೆ. ಮಾತಾಡಿದರು. 'ಮಾತು ಸ್ಪಷ್ಟವಾಗಿ ಕೇಳಿಸುತ್ತಿಲ್ಲ' ಎಂದಿತು ಪರದೆ. ಮತ್ತೆ ಹೇಳಿದರು. ಅದೂ ಮತ್ತೆ ಅದನ್ನೇ ಹೇಳಿತು. ಮೈಕು ಬದಲಿಸಿದೆ. ವೈರು ಬದಲಿಸಿದೆ. ಬಂದ್ ಮಾಡಿ ಶುರು ಮಾಡಿದೆ, ನಮ್ಮ ವಿದ್ಯೆಯ ಕೊನೆಯ ಮಂತ್ರ ಅದು. ಊಹೂಂ. ಮೈಕಿನಲ್ಲಿ ತೊಂದರೆ ಇರಬೇಕೆಂದು ನನ್ನ ಹೆಸರಿನಲ್ಲಿ ಬೇರೆ ಪರಿಚಯ ಮಾಡಿಸಿ ನಾನೇ ಮಾತಾಡಿದೆ. ನಾನು ಹೇಳಿದ್ದನ್ನೆಲ್ಲ ಅದು ಚಾಚೂ ತಪ್ಪದೆ ಬರೆಯಿತು. ವೆಂಕಟಣ್ಣ ಬಾಯಿ ತೆರೆದರೆ ಮತ್ತೆ ಕಿವುಡು.

ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಯಂತ್ರ ಹಾಳಾಗಿದ್ದರೆ ಇಬ್ಬರಿಗೂ ಹಾಳಾಗಬೇಕು. ಬೋಟಿನಲ್ಲಿ ಕಣ್ಣಾರೆ ನೋಡಿದವಳು ನಾನೇ. ಅದೇ ಮನುಷ್ಯ, ಅದೇ ಬಾಯಿ, ಅದೇ ಮೈಕು. ಸಲಹೆ ಕೊಡುವವರಿಗೆ ಬರವಿರಲಿಲ್ಲ. ಮಳೆಯ ಥಂಡಿ ಹಿಡಿದಿದೆ, ಅಕ್ಕಿ ಡಬ್ಬದಲ್ಲಿಡಿ ಎಂದರು ಒಬ್ಬರು. ಅದು ಭಟ್ಕಳದ್ದು, ಅಲ್ಲಿಯ ನವಾಯತಿ ಭಾಷೆ ಮಾತ್ರ ತಿಳೀತದೆ ಎಂದರು ಇನ್ನೊಬ್ಬರು. ಬೋಟಿನವರೆಲ್ಲ ಹೋ ಎಂದು ಕೂಗಿದ್ದರಲ್ಲ, ದೃಷ್ಟಿಯಾಗಿದೆ ಎಂದು ಈರ ಹೇಳಿದ. ಸುಬ್ಬಕ್ಕ ಇಡಗುಂಜಿ ಗಣಪತಿಗೆ ಹರಕೆ ಹೊತ್ತೇಬಿಟ್ಟರು.

ಸುಬ್ಬಕ್ಕ ಎಂದರೆ ವೆಂಕಟಣ್ಣನ ಹೆಂಡತಿ. ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಬೀದಿಗೆ ಮೀನು ತರುವವರು, ಮಳೆಗಾಲದಲ್ಲಿ ಒಣಮೀನು. ಆ ದಿನಗಳಲ್ಲಿ ಒಮ್ಮೆ ಅಂಗಡಿಯ ಮೆಟ್ಟಿಲಲ್ಲಿ ಬುಟ್ಟಿ ಇಳಿಸಿ ಕೂತರು.

"ಅದು ಸರಿಯಾತದ ಅರ್ಚನಾ? ಅವರಿಗೆ ಅದೊಂದೇ ಇರೂದು. ಕುರ್ಚಿ ಹೋದ್ರೆ ಅವರು ಮೂಲೆ ಹಿಡೀತಾರೆ."

"ನೋಡ್ತೆ ಸುಬ್ಬಕ್ಕ."

"ಮಿಷನ್ ಸಂಗಡ ಆದ್ರೂ ಮಾತಾಡ್ಲಿ. ಕೈಗೆ ಪೆಟ್ಟಾದ ಮೇಲೆ ಮನೆಲಿ ಬಾಯೇ ಬಿಡೂದಿಲ್ಲ. ಆಸ್ಪತ್ರೆಲಿ ನಾ ಒಂದು ಮಾತು ಹೇಳ್ದೆ, ಇನ್ನು ಸಮುದ್ರ ಸಾಕು ಅಂತ. ಅದೇ ಸಿಟ್ಟು ಕಾಣ್ತದೆ. ತಟ್ಟೆ ಇಟ್ಟರೆ ಉಣ್ತಾರೆ, ಕೇಳಿದ್ರೆ ತಲೆ ಆಡಿಸ್ತಾರೆ." ಸುಬ್ಬಕ್ಕನ ಕಣ್ಣು ತುಂಬಿತ್ತು. ಒಣಸೀಗಡಿ ಕೊಡಿ ಅಂದೆ.

ಅವರು ಹೋದ ಮೇಲೆ ಹಟ ಬಂತು. ಆ ಸಾಫ್ಟ್‌ವೇರಿನ ಹೊಟ್ಟೆಯೊಳಗಿನ ಫೋಲ್ಡರುಗಳನ್ನೆಲ್ಲ ಒಂದೊಂದಾಗಿ ತೆರೆದೆ. ವೆಂಕಟಣ್ಣ ಓದಿದ ವಾಕ್ಯಗಳ ದನಿಮುದ್ರಣ ಅಲ್ಲೇ ಇತ್ತು. ಎಲ್ಲಕ್ಕಿಂತ ಮೊದಲನೆಯದು 'ಸುಮ್ಮನಿರಿ' ಎಂದಾಗ ಅದು ಹಿಡಿದಿಟ್ಟುಕೊಂಡ ಮೌನ. ಮೌನದಲ್ಲಿ ಕೇಳುವುದೇನಿದೆ ಎಂದುಕೊಂಡೇ ಒತ್ತಿದೆ. ಧಡ್ ಧಡ್ ಧಡ್ ಧಡ್. ಮಹಾಲಕ್ಷ್ಮೀಯ ಇಂಜಿನ್! ಹಿಂದೆ ಗಾಳಿ, ಎಲ್ಲೋ ಈರನ ಕೂಗು. ಓದಿದ ಪ್ರತಿ ವಾಕ್ಯದ ಹಿಂದೆಯೂ ಅದೇ ಧಡ್ ಧಡ್. ಮನುಷ್ಯ ಸಮುದ್ರದ ಮೇಲೆ ಹೋಗುವ ಬೋಟಿನಲ್ಲಿ ಕೂತು, ಇಂಜಿನ್ನಿಗಿಂತ ಮೇಲೆ ದನಿ ಎತ್ತಿ, ಉದ್ಯಾನದ ವಿಷಯ ಕೂಗಿದ್ದರು.

"ಸುಮ್ಮನಿರು ಅಂತ ಅಂದಿತ್ತಲ್ಲ ವೆಂಕಟಣ್ಣ?" ಎಂದು ಕೇಳಿದೆ, ಅವರು ಬಂದಾಗ.

"ಸುಮ್ಮನೇ ಇದ್ದೆ. ಒಂದು ಮಾತಾಡ್ಲಿಲ್ಲ."

"ಇಂಜಿನ್?"

"ಇಂಜಿನ್ ಯಾವಾಗ್ಲೂ ಇರ್ತದಲ್ಲ" ಎಂದರು, ನಾನು ಗಾಳಿಯ ಬಗ್ಗೆ ಕೇಳಿದೆನೋ ಎಂಬಂತೆ.

ಜೀವಮಾನವಿಡೀ ಬೋಟಿನಲ್ಲಿ ಕಳೆದವರಿಗೆ ಅದು ಸದ್ದೇ ಅಲ್ಲ. ಯಂತ್ರ ಅದನ್ನೇ ಕಲಿತಿತ್ತು. ಅದರ ಪಾಲಿಗೆ ಇಂಜಿನ್ ಬಡಿಯುವುದೇ ಮೌನ, ಅದರ ಮೇಲೆ ಏರುವ ಕೂಗೇ ವೆಂಕಟಣ್ಣ. ದಡದ ಮೇಲೆ ಕೂತು ತಗ್ಗಿದ ದನಿಯಲ್ಲಿ ಮಾತಾಡುವ ಈ ಮನುಷ್ಯ ಯಾರೆಂದು ಅದಕ್ಕೆ ಗುರುತೇ ಇಲ್ಲ. ಗೊಂದಲ ಬಿಡಿಸಿಕೊಂಡ ಖುಷಿಯಲ್ಲಿ ನಾನು ಮೇಜು ಕುಟ್ಟಿದೆ. ಆದರೆ ಗೊಂದಲ ಬಿಡಿಸಿದರೆ ಕೆಲಸ ಆಗುವುದಿಲ್ಲವಲ್ಲ.

ಈರನ ಫೋನಿನಲ್ಲಿದ್ದ ಬೋಟಿನ ವಿಡಿಯೋ ಹಾಕಿ ಪಕ್ಕದಲ್ಲಿಟ್ಟು ನೋಡಿದೆವು. ಫೋನಿನ ಸಣ್ಣ ಗಂಟಲಿಗೆ ಆ ಗುಡುಗು ಬರಲಿಲ್ಲ, ಯಂತ್ರ ಮೋಸ ಹೋಗಲಿಲ್ಲ. ಹಾಗಾದರೆ ನಿಜವಾದ ಇಂಜಿನ್ನನ್ನೇ ಒಂದು ತಾಸು ಶುರು ಮಾಡು ಎಂದು ಈರನನ್ನು ಕೇಳಿದೆವು. ಅವನು ಎರಡೂ ಕೈಯಿಂದ ಕೆನ್ನೆ ಮುಟ್ಟಿಕೊಂಡ. ಕಾಯಿ ಒಡೆದು ಮಲಗಿಸಿದ ಇಂಜಿನ್ನನ್ನು ನೂಲ ಹುಣ್ಣಿಮೆಯಲ್ಲಿ ಸಮುದ್ರಪೂಜೆ ಆಗುವವರೆಗೆ ಎಬ್ಬಿಸುವುದಿಲ್ಲ, ಅದು ಅವನ ಅಪ್ಪನ ಕಾಲದಿಂದ ಅವನ ಮನೆಯ ಪದ್ಧತಿ. "ಸ್ವಂತ ತಮ್ಮ ಕೇಳಿದ್ರೂ ಮಾಡೂದಿಲ್ಲ ವೆಂಕಟಾ" ಅಂದ. ಹೇಳುವಾಗ ಅವನಿಗೂ ಸಂಕಟವಾಗಿತ್ತು. ಸಂಘದ ಸಭೆ ಹುಣ್ಣಿಮೆಗೆ ಮೊದಲೇ ಇತ್ತು.

ಉಳಿದದ್ದು ಒಂದೇ ದಾರಿ, ಸದ್ದಿಲ್ಲದ ಕಡೆ ಕೂತು ಮತ್ತೆ ಮೊದಲಿಂದ ದನಿ ಕಲಿಸುವುದು. ಇಷ್ಟೇ ತಾನೆ ಅಂದುಕೊಂಡೆ. ಮಳೆ ಬಿಟ್ಟ ಒಂದು ಮಧ್ಯಾಹ್ನ ಕಾಸರಕೋಡಿಗೆ ಹೋದೆ. ಸುಬ್ಬಕ್ಕ ಚಾ ಕೊಟ್ಟು ಒಳಬಾಗಿಲಲ್ಲಿ ನಿಂತರು. ಫ್ಯಾನು ಬಂದ್ ಮಾಡಿದೆ. ಪರದೆ 'ಸ್ವಲ್ಪ ಹೊತ್ತು ಸುಮ್ಮನಿರಿ' ಎಂದಿತು. ಹೆಂಚಿನಿಂದ ನೀರು ತೊಟ್ಟಿಕ್ಕುವುದು ಬಿಟ್ಟರೆ ಏನೂ ಸದ್ದಿರಲಿಲ್ಲ.

ವೆಂಕಟಣ್ಣನ ಹಣೆಯಲ್ಲಿ ಬೆವರೊಡೆಯಿತು. ಮೊದಲ ವಾಕ್ಯ ಬಂತು. ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. 'ಮಾತು ಸ್ಪಷ್ಟವಾಗಿ ಕೇಳಿಸುತ್ತಿಲ್ಲ.' ಇನ್ನೊಮ್ಮೆ. ಮತ್ತೂ ಇನ್ನೊಮ್ಮೆ. ನನಗೆ ಸಿಟ್ಟೇ ಬಂತು. ಬೋಟಿನಲ್ಲಿ ಅಷ್ಟು ಕೂಗಿದವರಿಗೆ ಒಂದು ವಾಕ್ಯ ಓದಲು ಏನು ಧಾಡಿ? "ಓದಿ ವೆಂಕಟಣ್ಣ, ಕಷ್ಟದ್ದಲ್ಲ" ಎಂದೆ, ಸ್ವಲ್ಪ ಗಡುಸಾಗಿಯೇ.

ಅವರು ಮೈಕನ್ನು ಕಳಚಿ ಮಡಿಲಲ್ಲಿಟ್ಟುಕೊಂಡು, ಪಿಸುದನಿಯಲ್ಲಿ ಹೇಳಿದರು.

"ಆಗೂದಿಲ್ಲ ತಂಗಿ. ಇಂಜಿನ್ ಬಡೀತಾ ಇದ್ರೆ ನಂಗೆ ಎಂತದೂ ಹೆದರಿಕೆ ಇಲ್ಲ. ನಿನ್ನ ಅಂಗಡಿಲೂ ರಸ್ತೆ ಸದ್ದು ಇರ್ತದೆ, ಹೆಂಗೋ ಮಾತಾಡ್ತೆ. ಆ ದಿವಸ ಕೈ ಸಿಕ್ಕಾಗ ಈರ ಇಂಜಿನ್ ನಿಲ್ಲಿಸಿದ. ಗಕ್ಕನೆ ಎಲ್ಲ ಸುಮ್ಮನಾತು. ಯಾರೋ ಕೂಗ್ತಿದ್ರು. ಯಾರಪ್ಪಾ ಹೀಂಗೆ ಕೂಗೂದು ಅಂತ ನೋಡ್ದೆ. ನಾನೇ. ಅಂದಿಂದ ಸದ್ದಿಲ್ಲದ ಕಡೆ ಗಟ್ಟಿ ಬಾಯಿ ತೆಗೆದ್ರೆ ಅದೇ ಕೂಗು ಹೊರಗೆ ಬತ್ತದೇನೋ ಅಂತ ಕಾಣ್ತದೆ."

ನನ್ನ ಗಡಸುತನಕ್ಕೆ ನನಗೇ ನಾಚಿಕೆಯಾಯಿತು. ಒಳಬಾಗಿಲಲ್ಲಿ ಸುಬ್ಬಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಹಂಗಾದ್ರೆ ನನ್ನ ಮೇಲೆ ಸಿಟ್ಟಲ್ಲ?" ಎಂದು ಕೇಳಿದರು.

ವೆಂಕಟಣ್ಣ ಹೆಂಡತಿಯನ್ನು ನೋಡಿದರು. "ನಿನ್ನ ಮೇಲೆ ಎಂತ ಸಿಟ್ಟು?"

ಸುಬ್ಬಕ್ಕ ಬಂದು ಅವರ ಎದುರಿಗೆ ನೆಲದ ಮೇಲೆ ಕೂತರು. ಮೈಕನ್ನು ಎತ್ತಿ ತಾವೇ ಗಂಡನ ತಲೆಗೆ ಸಿಕ್ಕಿಸಿದರು. ಸ್ವಲ್ಪ ಓರೆಯಾಗಿತ್ತು, ನಾನು ಸರಿಮಾಡಲು ಹೋಗಲಿಲ್ಲ.

"ಓದಿ. ಗಟ್ಟಿ ಓದಿ. ಕೂಗೇ ಬಂದ್ರೆ ಬರ್ಲಿ, ನಾ ಇಲ್ಲೇ ಕೂತ್ಕಂಡಿರ್ತೆ."

"ಕೇರಿ ಬತ್ತದೆ ಸುಬ್ಬಿ."

"ಬರ್ಲಿ."

ಮೊದಲ ವಾಕ್ಯ ಒಡೆದ ದನಿಯಲ್ಲಿ ಬಂತು. "ನಮ್ಮ ಮನೆಯ ಹಿಂದೆ... ಸುಂದರ ಉದ್ಯಾನವಿದೆ."

"ಎಲ್ಲದೆ? ಒಂದು ತೆಂಗಿನ ಮರ ಅದೆ, ಅದೂ ಪಕ್ಕದವರದ್ದು" ಎಂದರು ಸುಬ್ಬಕ್ಕ.

ನಾನು ತುಟಿಯ ಮೇಲೆ ಬೆರಳಿಟ್ಟೆ. ಈಗ ಇವರು ಮಾತಾಡಿದರೆ ಯಂತ್ರ ಅದನ್ನೂ ಕಲಿತು, ಮುಂದೆ ಸುಬ್ಬಕ್ಕ ಪಕ್ಕದಲ್ಲಿಲ್ಲದೆ ಈ ಮನುಷ್ಯನ ಒಂದಕ್ಷರ ಬರೆಯುವುದಿಲ್ಲ. ಸುಬ್ಬಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು, ಆದರೆ ಕಣ್ಣು ಗಂಡನ ಮುಖ ಬಿಡಲಿಲ್ಲ. ವೆಂಕಟಣ್ಣ ಪರದೆಯ ವಾಕ್ಯಗಳನ್ನು ಹೆಂಡತಿಗೇ ಹೇಳತೊಡಗಿದರು. ಭಾನುವಾರ ವಸ್ತುಸಂಗ್ರಹಾಲಯಕ್ಕೆ ಹೋದದ್ದು ಹೇಳಿದರು. ರೈಲು ತಡವಾಗಿ ಬಂದದ್ದು ಹೇಳಿದರು. ಹೇಳುತ್ತ ಹೇಳುತ್ತ ದನಿ ಗಂಟಲಿನಿಂದ ಎದೆಗಿಳಿಯಿತು, ಎದೆಯಿಂದ ಹೊರಗೆ ಬಂತು. ಅವರು ಹೆದರಿದ್ದ ಹಾಗೆ ಯಾವ ಕೂಗೂ ಬರಲಿಲ್ಲ. ಬಂದದ್ದು ಬೋಟಿನ ವೆಂಕಟಣ್ಣ, ಹೆಂಚು ಅದುರುವ ಹಾಗೆ.

'ಪರಿಚಯ ಮುಗಿಯಿತು, ಈಗ ಮಾತನಾಡಿ' ಎಂದಿತು ಪರದೆ. ಅವರು ಬೆನ್ನು ನೆಟ್ಟಗೆ ಮಾಡಿದರು.

"ವಾರ್ಷಿಕ ವರದಿ. ಸಂಘದ ಅಧ್ಯಕ್ಷರಿಗೂ ಸರ್ವ ಸದಸ್ಯರಿಗೂ ನಮಸ್ಕಾರ. ಈ ವರ್ಷ ನಮ್ಮ ಸಭೆಗಳಲ್ಲಿ ನಡೆದ ಜಗಳಗಳ ಪೈಕಿ ಮುಖ್ಯವಾದುವು..."

ಅಕ್ಷರಗಳು ಒಂದರ ಹಿಂದೆ ಒಂದು ಬಂದು ಕೂತವು. ಎದುರಿಗೆ ಸುಬ್ಬಕ್ಕ ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ, ಪ್ರಾಯಶಃ ಅವರಿಗೂ ತಿಳಿದಿರಲಿಕ್ಕಿಲ್ಲ. ಅಷ್ಟರಲ್ಲಿ ಬಾಗಿಲು ಕತ್ತಲಾಯಿತು. ತಿರುಗಿ ನೋಡಿದರೆ ಮತ್ತೆ ಶುರುವಾದ ಹನಿಮಳೆಗೆ ಕೊಡೆ ಹಿಡಿದು ಅರ್ಧ ಕೇರಿಯೇ ನಿಂತಿದೆ. ಮುಂದೆ ಪಕ್ಕದ ಮನೆಯ ಚೌಡಮ್ಮ, ಹಿಂದೆ ಲುಂಗಿ ಎತ್ತಿಕಟ್ಟಿಕೊಂಡು ಓಡಿಬಂದ ದೇವರಾಜಣ್ಣ.

ದೇವರಾಜಣ್ಣ ಒಳಗೆ ಬಗ್ಗಿ ಪರದೆಯನ್ನು ನೋಡಿದರು. ವೆಂಕಟಣ್ಣನ ಮಡಿಲಲ್ಲಿ ಸುಮ್ಮನೆ ಮಲಗಿದ್ದ ಬಲಗೈಯನ್ನು ನೋಡಿದರು. ಮತ್ತೆ ಪರದೆಯನ್ನು ಓದಿದರು.

"ಸಾಕು ವೆಂಕಟಾ, ಮುಂದಿಂದು ಈಗ್ಲೇ ಹೇಳ್ಬೇಡ" ಅಂದರು. "ಜಗಳದ ವಿಷಯ ಸಭೆಗೆ ಇರ್ಲಿ. ಹೆಂಗೂ ನೀನೇ ಓದೂದು ಅಲ್ದಾ, ಆಗ ಕೇಳ್ತೇವೆ."

ಚೌಡಮ್ಮನಿಗೆ ಇದೊಂದೂ ಅರ್ಥವಾಗಲಿಲ್ಲ. ಅವರು ಕೊಡೆ ಮಡಚಿ ಸುಬ್ಬಕ್ಕನ ಪಕ್ಕಕ್ಕೆ ಬಂದು, ದನಿ ತಗ್ಗಿಸಿ, "ಎಂತ ಗಲಾಟೆಯೇ ಇದು? ಜಗಳ ಆತಾ?" ಎಂದು ಕೇಳಿದರು.

ಸುಬ್ಬಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿಲಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಜಗಳ ಅಲ್ಲ. ಇವರು ಮಾತಾಡ್ತಾ ಇದ್ರು."